ಬೀಗ ಬಿದ್ದ ಟಾಕೀಸಿನ ಒಳಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಮುಚ್ಚಿಹೋದ ನಾಟಕ ಥಿಯೇಟರು, ಟಾಕೀಸುಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಥ ಕಟ್ಟಡ ಒಂದು ದಿನ ಇದ್ದು ಮರುದಿನ ಖಾಲಿ ನಿವೇಶನವಾಗುವ ಕಾಲ ಇದು. ಹಾಗಾಗಿ ಒಳಗೆ ಹೋಗುವವರು ಬರೀ ನೋಡಿ ಬರಬಾರದು, ದಾಖಲಿಸಿಕೊಂಡು ಬರಬೇಕು ಎಂಬುದು ನಮ್ಮ ಆಸೆ. ಉತ್ತರಗಳನ್ನೂ ಆ ದೃಷ್ಟಿಯಿಂದಲೇ ಬರೆದಿದ್ದೇವೆ.

ಪ್ರಶ್ನೆ: ನಮ್ಮ ಊರಿನ ಹಳೇ ಪೇಟೆಯಲ್ಲಿ ವರ್ಷಗಳಿಂದ ಬೀಗ ಹಾಕಿರುವ ಥಿಯೇಟರ್ ಇದೆ. ಹಿಂದಿನ ಕಾಂಪೌಂಡ್ ಬಿದ್ದಿದೆ, ಅಲ್ಲಿಂದ ಸುಲಭವಾಗಿ ಒಳಗೆ ಹೋಗಬಹುದು. ನಾವು ನಾಲ್ವರು ಕಾಲೇಜು ವಿದ್ಯಾರ್ಥಿಗಳು. ಏನನ್ನೂ ಮುಟ್ಟುವುದಿಲ್ಲ, ಫೋಟೊ ತೆಗೆದು ಬರುತ್ತೇವೆ. ತಪ್ಪಾಗುತ್ತದೆಯೇ?
— ಪಿ.ಜೆ. ಬಡಾವಣೆ, ದಾವಣಗೆರೆ

ಗೋಡೆ ಬಿದ್ದಿದ್ದರೂ ಕಟ್ಟಡಕ್ಕೆ ಯಜಮಾನರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸಾಮಾನು ಸರಂಜಾಮು ಇಟ್ಟು ಬೀಗ ಹಾಕಿದ ಕಟ್ಟಡವಾದರೆ ಸೆರೆಯ ಅವಧಿ 1 ವರ್ಷದವರೆಗೆ ಏರಬಹುದು. ನಿಮಗೆ ಕೆಟ್ಟ ಉದ್ದೇಶ ಇರಲಿಲ್ಲ ನಿಜ. ಆದರೆ ಅದನ್ನು ಠಾಣೆಯಲ್ಲಿ ಕೂತು ವಿವರಿಸಬೇಕಾಗುತ್ತದೆ. ಅಷ್ಟರಲ್ಲಿ ಒಳಗಿನ ಫ್ಯಾನು, ತಾಮ್ರದ ತಂತಿ ಕಳುವಾಗಿದ್ದರೆ ಮೊದಲ ಅನುಮಾನ ನಿಮ್ಮ ಮೇಲೆಯೇ.

ಅನುಮತಿ ಪಡೆಯುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಬೀದಿಯ ಹಳೆಯ ಅಂಗಡಿಯವರನ್ನು ಕೇಳಿದರೆ ಅರ್ಧ ವಿಷಯ ಸಿಗುತ್ತದೆ. ಸಿಗದಿದ್ದರೆ ಮಹಾನಗರ ಪಾಲಿಕೆಯಲ್ಲಿ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ, ಉಪನೋಂದಣಾಧಿಕಾರಿಗಳ ಕಚೇರಿಯಿಂದ 30 ವರ್ಷದ ಋಣಭಾರ ಪತ್ರ ತೆಗೆಸಿ. ಇಂಥ ಆಸ್ತಿಗಳು ಎಷ್ಟೋ ಸಲ ಅಣ್ಣತಮ್ಮಂದಿರ ಪಾಲಿನ ದಾವೆಯಲ್ಲಿರುತ್ತವೆ. ಆಗ ಒಬ್ಬರ ಒಪ್ಪಿಗೆ ಸಾಲದು, ಎಲ್ಲ ಪಾಲುದಾರರ ಸಹಿ ಬೇಕು. ಸಹಿ ಸಿಗದಿದ್ದರೆ ಹೊರಗಿನಿಂದಷ್ಟೇ ದಾಖಲಿಸಿ.

ಪತ್ರದಲ್ಲಿ ಹೋಗುವವರ ಹೆಸರು, ದಿನಾಂಕ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ಯಾವ ಭಾಗ ನೋಡುತ್ತೀರಿ, ಅಪಾಯಕ್ಕೆ ನೀವೇ ಹೊಣೆ, ಯಾವ ವಸ್ತುವನ್ನೂ ಒಯ್ಯುವುದಿಲ್ಲ, ಎಲ್ಲ ಫೋಟೊಗಳ ಒಂದು ಪ್ರತಿ ಮಾಲೀಕರಿಗೆ ಕೊಡುತ್ತೀರಿ ಎಂಬುದಿಷ್ಟು ಇರಲಿ. ಆ ಕೊನೆಯ ಸಾಲಿನಿಂದಲೇ ಎಷ್ಟೋ ಯಜಮಾನರು ಒಪ್ಪುತ್ತಾರೆ, ಏಕೆಂದರೆ ಅವರ ಬಳಿಯೇ ಆ ಕಟ್ಟಡದ ಒಂದು ಒಳ್ಳೆಯ ಚಿತ್ರ ಇರುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ನಕಲನ್ನು ಆ ಸರಹದ್ದಿನ ಠಾಣೆಗೆ ಮುಂಚಿನ ದಿನವೇ ಕೊಡಿ.

ಪ್ರಶ್ನೆ: ಮಾಲೀಕರು ಒಪ್ಪಿ ಬೀಗದ ಕೈ ಕೊಟ್ಟಿದ್ದಾರೆ. ಬಾಲ್ಕನಿ, ಸ್ಟೇಜು ಎಲ್ಲ ಇರುವ ದೊಡ್ಡ ಕಟ್ಟಡ. ಏನೇನು ತೆಗೆದುಕೊಂಡು ಹೋಗಬೇಕು? ಎಲ್ಲಿ ಎಚ್ಚರ ಬೇಕು?
— ಹೊಳಲ್ಕೆರೆ

ಕಾಲದಿಂದ ಶುರು ಮಾಡೋಣ. ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ನೀರು ಕುಡಿದ ಗಾರೆ ಗೋಡೆ, ಮಣ್ಣು ತುಂಬಿದ ಮಾಳಿಗೆ ಮಾಮೂಲಿಗಿಂತ ಭಾರವಾಗಿರುತ್ತವೆ, ಬೀಳುವುದು ಆಗಲೇ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ, ಬೆಳಗ್ಗೆ 8ರಿಂದ 11ರ ನಡುವೆ ಹೋಗಿ. ಕನಿಷ್ಠ ಮೂವರಿರಲಿ: ಇಬ್ಬರು ಒಳಗೆ, ಒಬ್ಬರು ಫೋನು ಹಿಡಿದು ಹೊರಗೆ. ಇಂತಿಷ್ಟು ಹೊತ್ತಿಗೆ ಹೊರಬರುತ್ತೇವೆ ಎಂದು ಬರೆದುಕೊಟ್ಟು ಹೋಗಿ, ಆ ಹೊತ್ತು ಮೀರಿದರೆ ಹೊರಗಿನವರು ಒಳಗೆ ನುಗ್ಗದೆ 112ಕ್ಕೆ ಕರೆ ಮಾಡಲಿ.

ಗದ್ದಕ್ಕೆ ಪಟ್ಟಿ ಇರುವ ಕಟ್ಟಡ ಕೆಲಸದ ಹೆಲ್ಮೆಟ್, ಅಟ್ಟೆಯಲ್ಲಿ ಉಕ್ಕಿನ ತಗಡಿರುವ ಸೇಫ್ಟಿ ಶೂ, ತೊಗಲಿನ ಕೈಗವಸು, ತುಂಬುತೋಳಿನ ಅಂಗಿ, ಒಬ್ಬೊಬ್ಬರಿಗೂ ಎರಡೆರಡು ಟಾರ್ಚು, ಆರು ಅಡಿ ಬಿದಿರು ಕೋಲು, ಒಂದು ದಪ್ಪ ಸ್ಕ್ರೂಡ್ರೈವರ್ ಬೇಕು. ಕುರ್ಚಿ ಕಿತ್ತೊಯ್ದ ಕಡೆ ನೆಲದಲ್ಲಿ ಬೋಲ್ಟುಗಳು ಮೇಲೆದ್ದು ನಿಂತಿರುತ್ತವೆ. ಸಾಧಾರಣ ಕ್ಯಾನ್ವಾಸ್ ಶೂ ಅವಕ್ಕೆ ಏನೂ ಅಲ್ಲ.

ಮುಖವಸ್ತ್ರದ ವಿಷಯದಲ್ಲಿ ಕೈಬಿಗಿ ಬೇಡ. ಪಾರಿವಾಳ, ಬಾವಲಿಗಳ ಒಣ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶ ಹಿಡಿಯುವ ಶಿಲೀಂಧ್ರ ಇರಬಹುದು. ಬಟ್ಟೆ ಮಾಸ್ಕ್ ಉಪಯೋಗವಿಲ್ಲ, ಎನ್95 ಆದರೂ ಬೇಕು. ಸಿಮೆಂಟ್ ಶೀಟು ಒಡೆದು ಬಿದ್ದಿದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅಲ್ಲಿಗೆ ಎನ್95 ಸಾಲದು, ಪಿ100 ಫಿಲ್ಟರಿನ ಮಾಸ್ಕ್ ಬೇಕು. ಒಡೆದ ಚೂರನ್ನು ತುಳಿಯಬೇಡಿ, ಗುಡಿಸಬೇಡಿ. ಸರಿಸಲೇಬೇಕಾದರೆ ನೀರು ಚಿಮುಕಿಸಿ ತೇವ ಮಾಡಿ.

ಒಳಗೆ ಕಾಲಿಡುವ ಮೊದಲು ಹೊರಗೆ ಪೂರ್ತಿ ಒಂದು ಸುತ್ತು ಬನ್ನಿ. ಕಮಾನು, ಸಜ್ಜೆ, ನೀರಿನ ಟ್ಯಾಂಕಿನ ಅಡಿ ಹೆಜ್ಜೇನು ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಿ. ಅವು ಟಾರ್ಚಿನ ಬೆಳಕಿಗೆ, ಹೊಗೆಗೆ, ಗದ್ದಲಕ್ಕೆ ಕೆರಳುತ್ತವೆ, ಬಹಳ ದೂರ ಅಟ್ಟಿಸಿಕೊಂಡು ಬರುತ್ತವೆ. ಆಮೇಲೆ ಗೋಡೆ. ಮೇಲಿನಿಂದ ತೂಗುಗುಂಡು ಬಿಟ್ಟು ನೋಡಿ. ಒಂದೂವರೆ ಅಡಿ ದಪ್ಪದ ಗೋಡೆ ಅರ್ಧ ಅಡಿ, ಅಂದರೆ ದಪ್ಪದ ಮೂರನೇ ಒಂದು ಭಾಗ ವಾಲಿದ್ದರೆ ಅದರ ಬದಿಗೆ ಹೋಗಲೇಬೇಡಿ. ಅದರರ್ಧ ವಾಲಿದ್ದರೂ ಕೆಳಗೆ ನಿಂತು ಕೆಲಸ ಮಾಡಬೇಡಿ.

ಬಾಲ್ಕನಿಯೇ ಎಲ್ಲಕ್ಕಿಂತ ದೊಡ್ಡ ಮೋಸಗಾತಿ. ಮರದ ನೆಲವಾದರೆ ‘ಗೋಡೆ ಬದಿಗೆ ನಡೆದರೆ ಭದ್ರ’ ಎನ್ನುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಜಂತೆಯ ತುದಿ ಒದ್ದೆ ಗೋಡೆಯೊಳಗೆ ಹುದುಗಿರುತ್ತದೆ, ಕೊಳೆಯುವುದೂ ಗೆದ್ದಲು ಹತ್ತುವುದೂ ಅಲ್ಲಿಂದಲೇ. ಮೊದಲು ಕೆಳಗೆ ನಿಂತು, ಕೈಗೆಟಕುವ ಜಂತೆಗಳ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಸಾಧಾರಣ ಬಲಕ್ಕೆ ಅರ್ಧ ಸೆಂಟಿಮೀಟರ್ ಇಳಿದರೆ ಮೇಲೆ ಹತ್ತಬೇಡಿ. ತಟ್ಟಿದಾಗ ‘ಟಣ್’ ಎನ್ನದೆ ‘ಬದ್’ ಎಂದರೆ ಒಳಗೆ ಟೊಳ್ಳು.

ಕಾಂಕ್ರೀಟ್ ಬಾಲ್ಕನಿ ಇನ್ನೂ ಕಪಟಿ. ಕಂಬವಿಲ್ಲದೆ ಮುಂದಕ್ಕೆ ಚಾಚಿದ ಬಾಲ್ಕನಿಯಲ್ಲಿ ಭಾರ ಎಳೆದುಹಿಡಿಯುವ ಕಂಬಿ ಇರುವುದು ಹಲಗೆಯ ಮೇಲ್ಭಾಗದಲ್ಲಿ. ಮೇಲಿನ ನೆಲದಲ್ಲಿ ಮಳೆನೀರು ನಿಂತು ಆ ಕಂಬಿ ತುಕ್ಕು ಹಿಡಿದರೂ ಕೆಳಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಹಿಂದಿನ ಗೋಡೆ ಸೇರುವ ಜಾಗದಲ್ಲಿ, ನೆಲದ ಮೇಲೆ ಅಡ್ಡಕ್ಕೆ ಉದ್ದ ಬಿರುಕು ಕಂಡರೆ ಆ ಬಾಲ್ಕನಿಯ ಮೇಲೂ ಹೋಗಬೇಡಿ, ಕೆಳಗೂ ನಿಲ್ಲಬೇಡಿ.

ಸಿಮೆಂಟ್ ಶೀಟಿನ ಚಾವಣಿ, ತಂತಿಗೆ ಜೋತ ಸೀಲಿಂಗ್ ಯಾವುದೂ ಮನುಷ್ಯನ ಭಾರ ತಡೆಯದು. ಸ್ಟೇಜಿನ ಹಲಗೆಯ ಕೆಳಗೆ ಸಾಮಾನ್ಯವಾಗಿ ಖಾಲಿ ಜಾಗ, ಕೋಲಿನಿಂದ ತಟ್ಟುತ್ತಲೇ ಹೆಜ್ಜೆ ಇಡಿ. ಹಳೆಯ ತೊಟ್ಟಿ, ನೆಲಮಾಳಿಗೆಗೆ ಇಳಿಯಬೇಡಿ, ಉಸಿರಿಗೆ ಗಾಳಿ ಸಾಲದಿರಬಹುದು.

ಮೇನ್ ಸ್ವಿಚ್ ಆರಿಸಿದ್ದರೂ ಮೀಟರಿನವರೆಗಿನ ತಂತಿಯಲ್ಲಿ ವಿದ್ಯುತ್ ಹರಿಯುತ್ತಿರಬಹುದು. ಸಂಪರ್ಕ ಕಡಿದಿದೆಯೇ ಎಂದು ಬೆಸ್ಕಾಂ ಶಾಖಾ ಕಚೇರಿಯಲ್ಲಿ ಮಾಲೀಕರ ಮೂಲಕವೇ ಕೇಳಿಸಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ಹಾವು ಹಿಡಿಯಲು ಹೋಗುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಿಸದೆ 108ರಲ್ಲಿ ನೇರ ಜಿಲ್ಲಾ ಆಸ್ಪತ್ರೆಗೆ. ಬಾವಲಿ ಪರಚಿದರೆ ಗಾಯವನ್ನು 15 ನಿಮಿಷ ಸೋಪುನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ.

ಪ್ರಶ್ನೆ: ಕಟ್ಟಡದ ಮೇಲೆ ಎಲ್ಲೂ ಇಸವಿ ಇಲ್ಲ. ಊರವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಷ್ಟು ಹಳೆಯದು ಎಂದು ಕಂಡುಹಿಡಿಯುವುದು ಹೇಗೆ?
— ಚಿತ್ರದುರ್ಗ

ಈ ಪ್ರಶ್ನೆ ಬಂದದ್ದು ನಮಗೆ ಬಹಳ ಖುಷಿ. ಹಳೆಯ ಥಿಯೇಟರಿನಷ್ಟು ಚೆನ್ನಾಗಿ ತನ್ನ ವಯಸ್ಸು ತಾನೇ ಹೇಳುವ ಕಟ್ಟಡ ಕಡಿಮೆ. ಓದುವುದು ಗೊತ್ತಿರಬೇಕು.

ಟಿಕೆಟ್ ಕಿಂಡಿಯ ಸುತ್ತಲಿನ ಗೋಡೆ ಮೊದಲು ನೋಡಿ. ನೆಲ, ಬೆಂಚು, ಕುರ್ಚಿ, ಬಾಲ್ಕನಿ ಎಂದು ದರ ಬರೆದಿರುತ್ತಾರೆ. ದರ ಆಣೆಯಲ್ಲಿದ್ದರೆ, ‘0-4-0’ ಎಂಬಂತೆ ರೂಪಾಯಿ-ಆಣೆ-ಪೈ ಲೆಕ್ಕದ ಮೂರು ಅಂಕಿ ಇದ್ದರೆ, ಅದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ಕ್ಕಿಂತ ಹಿಂದಿನ ಬರಹ ಇರಬೇಕು, ಇಲ್ಲವೇ ಅದರ ಆಸುಪಾಸಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು, ಆಮೇಲೆ ‘ನಯಾ’ ಬಿಟ್ಟು ಬರೀ ಪೈಸೆ ಆಯಿತು. ಲೈಸೆನ್ಸಿನ ಬೋರ್ಡಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ದಾವಣಗೆರೆಯ ಥಿಯೇಟರಿನಲ್ಲಿ ‘ಚಿತ್ರದುರ್ಗ ಜಿಲ್ಲೆ’ ಎಂದು ಕಂಡರೆ ಗಲಿಬಿಲಿ ಬೇಡ, ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಆ ಬರಹ 1972ರ ಆಗಸ್ಟ್ 15ರ ನಂತರದ್ದು.

ಸುಣ್ಣ ಬಳಿದು ಅಕ್ಷರ ಮುಚ್ಚಿಹೋಗಿದ್ದರೆ ಕೆರೆಯಬೇಡಿ. ಕತ್ತಲೆ ಮಾಡಿಕೊಂಡು ಟಾರ್ಚನ್ನು ಗೋಡೆಗೆ ಒತ್ತಿದಂತೆ ಹಿಡಿದು, ಬೆಳಕು ಗೋಡೆಗುಂಟ ಅಡ್ಡಡ್ಡ ಹರಿಯುವಂತೆ ಮಾಡಿ. ಕೆಳಗಿನ ಬಣ್ಣದ ಅಂಚು ನೆರಳಾಗಿ ಎದ್ದು ಕಾಣುತ್ತದೆ. ಹಾಗೆಯೇ ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ ತೆಗೆಯಿರಿ.

ಬರಹಕ್ಕಿಂತ ಗಟ್ಟಿ ಸಾಕ್ಷಿ ಸ್ಟೇಜಿನ ಆಳ. ತೆರೆಯ ಹಿಂದೆ ಸ್ಪೀಕರ್ ಇಡಲು ಸಿನಿಮಾಕ್ಕೆ ನಾಲ್ಕಾರು ಅಡಿ ಸಾಕು. ಸ್ಟೇಜು ಇಪ್ಪತ್ತು ಅಡಿಗೂ ಆಳವಿದ್ದು, ಎರಡು ಬದಿಗೂ ವಿಂಗಿನ ಜಾಗ, ಹಿಂದೆ ಬಣ್ಣದ ಕೋಣೆ, ಮೇಲೆ ಪರದೆ ಎತ್ತುವ ರಾಟೆಗಳಿದ್ದರೆ ಅದು ಹುಟ್ಟುವಾಗ ನಾಟಕದ ಮನೆ. ಮಾತಿನ ಚಿತ್ರ ದೇಶಕ್ಕೆ ಬಂದದ್ದು 1931ರಲ್ಲಿ, ಕನ್ನಡಕ್ಕೆ 1934ರಲ್ಲಿ. ಆಮೇಲೆ ಎಷ್ಟೋ ನಾಟಕದ ಮನೆಗಳು ಹಿಂದಿನ ಗೋಡೆಗೆ ಪ್ರೊಜೆಕ್ಟರ್ ಕೋಣೆ ಅಂಟಿಸಿಕೊಂಡು ಟಾಕೀಸಾದವು. ಆ ಕೋಣೆಯ ಇಟ್ಟಿಗೆಯ ಅಳತೆ ಹಾಲಿನ ಇಟ್ಟಿಗೆಗಿಂತ ಬೇರೆಯೇ, ಎರಡು ಗೋಡೆ ಒಂದಕ್ಕೊಂದು ಹೆಣೆದಿವೆಯೇ ಅಥವಾ ನೇರ ಸಂದಿ ಇದೆಯೇ ನೋಡಿ. ನೇರ ಸಂದಿ ಇದ್ದರೆ ಆಮೇಲೆ ಸೇರಿಸಿದ್ದು. ವೃತ್ತಿ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಮೊಕ್ಕಾಂ ಹೂಡುತ್ತಿದ್ದ, ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಬೆಳೆಸಿದ ದಾವಣಗೆರೆಯಲ್ಲಿ ಈ ಸಂದಿಯನ್ನು ವಿಶೇಷವಾಗಿ ಹುಡುಕಬೇಕು.

ಹಂಚು ಬಿದ್ದಿದ್ದರೆ ಮಗುಚಿ ನೋಡಿ, ಮಂಗಳೂರು ಹಂಚಿನ ಅಡಿಯಲ್ಲಿ ಕಾರ್ಖಾನೆಯ ಮುದ್ರೆ ಇರುತ್ತದೆ. ಉಕ್ಕಿನ ತೊಲೆಯ ನಡುಪಟ್ಟಿಯಲ್ಲಿ ತಯಾರಕರ ಉಬ್ಬಕ್ಷರ ಇರುತ್ತದೆ. ಟಾಟಾ ಎಂದಿದ್ದರೆ, ಆ ಕಾರ್ಖಾನೆ ಉಕ್ಕು ತೆಗೆಯಲು ಶುರು ಮಾಡಿದ್ದೇ 1912ರಲ್ಲಾದ್ದರಿಂದ, ತೊಲೆ ಅದಕ್ಕಿಂತ ಹಳೆಯದಲ್ಲ. ಮರದ ಪಟ್ಟಿಯೊಳಗೆ ಹಾಯಿಸಿದ, ರಬ್ಬರಿನ ಮೇಲೆ ನೂಲು ಸುತ್ತಿದ ತಂತಿ, ಪಿಂಗಾಣಿ ಬುಡದ ದುಂಡು ಸ್ವಿಚ್ಚು ಇವೆಲ್ಲ ಪ್ಲಾಸ್ಟಿಕ್ ತಂತಿಗೆ ಮುಂಚಿನ ಕಾಲದ ಗುರುತು. ಒಂದು ಎಚ್ಚರಿಕೆ: ತೊಲೆ, ಹಂಚು, ಬಾಗಿಲು ಬೇರೆ ಕಟ್ಟಡದಿಂದ ಬಂದಿರಬಹುದು. ಒಂದೇ ಗುರುತು ನಂಬಿ ಇಸವಿ ಬರೆಯಬೇಡಿ, ಮೂರು ಗುರುತು ಒಂದೇ ಕಡೆ ಕೈತೋರಿಸಬೇಕು.

ಕಡತದ ದಾರಿಯೂ ಇದೆ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯಿದೆಯಡಿ ಚಿತ್ರಮಂದಿರಕ್ಕೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. ಲೈಸೆನ್ಸಿನ ಕಡತದಲ್ಲಿ ಕಟ್ಟಡದ ನಕ್ಷೆಯೂ ಇರುತ್ತದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಇದನ್ನು ಮರೆತವರ ಅರ್ಜಿಯೇ ಹೆಚ್ಚು ತಿರಸ್ಕೃತವಾಗುವುದು. 1997ಕ್ಕಿಂತ ಹಿಂದಿನ ದಾವಣಗೆರೆ ಕಡತ ಬೇಕಾದರೆ ಚಿತ್ರದುರ್ಗದ ಕಚೇರಿಗೂ ಪ್ರತ್ಯೇಕ ಅರ್ಜಿ ಹಾಕಿ.

ಪ್ರಶ್ನೆ: ಸ್ಟೇಜಿನ ಹಿಂದೆ ಬಿದಿರು ಗಳಕ್ಕೆ ಸುತ್ತಿದ ಹಳೆಯ ನಾಟಕದ ಪರದೆ ಸಿಕ್ಕಿದೆ. ಅರಮನೆಯ ಚಿತ್ರ ಇರುವಂತಿದೆ, ಧೂಳು ತುಂಬಿದೆ. ಒಗೆಸಬಹುದೇ? ಅದರ ಪಕ್ಕ ಬಣ್ಣದ ಡಬ್ಬಿಗಳೂ ಇವೆ.
— ಹರಿಹರ

ಖಂಡಿತ ಒಗೆಸಬೇಡಿ. ಆ ಬಣ್ಣ ಸರೇಸಿನಲ್ಲಿ ಕಲಸಿದ್ದಾಗಿದ್ದರೆ ನೀರು ಬಿದ್ದ ಕ್ಷಣ ಅರಮನೆ ಕರಗಿ ಹರಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಅಲ್ಲೇ ನಿಂತು ಬಿಚ್ಚಿ ನೋಡುವ ಆತುರವೂ ಬೇಡ, ಬಿರುಸಾದ ಬಟ್ಟೆಯ ಮಡಿಕೆಯಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಪರದೆಯ ಅಗಲಕ್ಕಿಂತ ಒಂದು ಅಡಿ ಉದ್ದವಿರುವ, 6ರಿಂದ 8 ಇಂಚು ವ್ಯಾಸದ ಪಿವಿಸಿ ಪೈಪು ತನ್ನಿ. ಅದಕ್ಕೆ ಗಂಜಿ ಹೋಗುವಂತೆ ಎರಡು ಸಲ ಒಗೆದು ಒಣಗಿಸಿದ ಬಿಳಿ ಕೋರಾ ಬಟ್ಟೆ ಸುತ್ತಿ. ಚೊಕ್ಕಟ ನೆಲದಲ್ಲಿ ಕೋರಾ ಬಟ್ಟೆ ಹಾಸಿ, ನಾಲ್ಕೈದು ಜನ ಸೇರಿ, ಹಳೆಯ ಗಳದಿಂದ ಬಿಚ್ಚುತ್ತಾ ಹೋದಂತೆ ಮೃದು ಕೂದಲಿನ ಕುಂಚದಿಂದ ಧೂಳು ಸರಿಸಿ, ಅಡಿ ಅಡಿಗೂ ಫೋಟೊ ತೆಗೆಯಿರಿ. ಆಮೇಲೆ ಪೈಪಿಗೆ ಸುತ್ತುವಾಗ ಬಣ್ಣದ ಮೈ ಹೊರಗೆ ಬರಬೇಕು. ಒಳಗೆ ಬಂದರೆ ಬಣ್ಣ ಒತ್ತಿಕೊಂಡು ಸುಕ್ಕುಗಟ್ಟಿ ಏಳುತ್ತದೆ. ಎಲ್ಲರೂ ಇಲ್ಲಿ ತಪ್ಪುತ್ತಾರೆ. ಪದರದ ನಡುವೆ ತೆಳು ಕೋರಾ, ಹೊರಗೆ ಅಗಲ ಲಾಡಿಯಿಂದ ಸಡಿಲ ಕಟ್ಟು. ಪ್ಲಾಸ್ಟಿಕ್ ಹಾಳೆ ಬೇಡ, ಬೆವರು ಹಿಡಿದು ಬೂಷ್ಟು ಬರುತ್ತದೆ. ನುಸಿಗುಳಿಗೆಯನ್ನು ಪರದೆಗೆ ತಾಗಿಸಿ ಇಡಬೇಡಿ.

ಡಬ್ಬಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮೂಸಬೇಡಿ. ಹಳೆಯ ಮುಖವರ್ಣಿಕೆಯ ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಇದ್ದ ಜಾಗದಲ್ಲೇ ಚಿತ್ರ ತೆಗೆದು, ಕೈಗವಸು ಹಾಕಿ ಮುಚ್ಚಳದ ಪೆಟ್ಟಿಗೆಯೊಳಗಿಟ್ಟು ‘ವಿಷ’ ಎಂದು ಚೀಟಿ ಅಂಟಿಸಿ.

ಪ್ರಶ್ನೆ: ಪ್ರೊಜೆಕ್ಟರ್ ಕೋಣೆಯಲ್ಲಿ ಎರಡು ಹಳೆಯ ಯಂತ್ರ, ಕೆಲವು ರೀಲಿನ ಡಬ್ಬಿ, ಗಾಜಿನ ದೊಡ್ಡ ಬುರುಡೆಯಂಥದ್ದು ಇದೆ. ಏನವು?
— ಚಳ್ಳಕೆರೆ

ಎರಡು ಯಂತ್ರ ಏಕೆಂದರೆ ಒಂದು ರೀಲು ಮುಗಿಯುವಾಗ ಇನ್ನೊಂದು ಶುರುವಾಗಬೇಕು. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ, 2,000 ಅಡಿಯ ರೀಲು ಸುಮಾರು 22 ನಿಮಿಷ. ಹಿಂಬದಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಎದುರುಬದುರು ಎರಡು ಕಡ್ಡಿ ಹಿಡಿಯುವ ಹಿಡಿಕೆ ಇದ್ದರೆ ಅದು ಕಾರ್ಬನ್ ಕಡ್ಡಿಗಳ ನಡುವಿನ ವಿದ್ಯುತ್ ಕಿಡಿಯಿಂದ ಬೆಳಕು ಪಡೆಯುತ್ತಿದ್ದ ಕಾಲದ್ದು. ಅದರೊಳಗಿನ ಬಿಳಿ ನಾರಿನ ತಂತಿ ಕಲ್ನಾರಿನದ್ದಿರಬಹುದು, ಕೀಳಬೇಡಿ. ಕಡ್ಡಿಯ ಬದಲು ಕಡಲೆಕಾಯಿ ಆಕಾರದ ಗಾಜಿನ ದೀಪ ಇದ್ದರೆ ಅದು ಕ್ಸೆನಾನ್ ಅನಿಲದ್ದು. ತಣ್ಣಗಿದ್ದಾಗಲೂ ಅದರೊಳಗೆ ಹೊರಗಿನ ಗಾಳಿಯ ಹಲವು ಪಟ್ಟು ಒತ್ತಡ ಇರುತ್ತದೆ, ತಗುಲಿದರೆ ಬಾಂಬಿನಂತೆ ಸಿಡಿಯುತ್ತದೆ. ಆ ಪೆಟ್ಟಿಗೆಯ ಬಾಗಿಲೇ ತೆರೆಯಬೇಡಿ.

ಗಾಜಿನ ಬುರುಡೆಗೆ ಕೈಕಾಲು ಮೂಡಿದಂತೆ ಕೊಳವೆಗಳಿದ್ದು, ತಳದಲ್ಲಿ ಬೆಳ್ಳಿಯಂಥ ದ್ರವ ಇದ್ದರೆ ಅದು ಪಾದರಸದ ರೆಕ್ಟಿಫೈಯರ್, ಕಾರ್ಬನ್ ದೀಪಕ್ಕೆ ಏಕಮುಖ ವಿದ್ಯುತ್ ಒದಗಿಸುತ್ತಿದ್ದ ಸಾಧನ. ಅಲುಗಿಸಬೇಡಿ. ಒಡೆದಿದ್ದರೆ ಕೋಣೆಯಿಂದ ಹೊರಬನ್ನಿ, ಗುಡಿಸಬೇಡಿ.

ರೀಲಿನ ಡಬ್ಬಿ ತೆರೆದಾಗ ಹುಳಿ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮು, ಕೊಳೆಯುತ್ತಿದೆ, ಉರಿಯುವ ಭಯವಿಲ್ಲ. ತಂಪು, ಗಾಳಿಯಾಡುವ ಜಾಗಕ್ಕೆ ಒಯ್ದು ಬೇರೆ ರೀಲುಗಳಿಂದ ದೂರ ಇಡಿ, ಏಕೆಂದರೆ ಆ ಹುಳಿ ಆವಿ ಪಕ್ಕದ ರೀಲಿಗೂ ಹತ್ತುತ್ತದೆ. ಕಂದು ಪುಡಿ, ಜೇನಿನಂಥ ಅಂಟು ಕಂಡರೆ, ಅಂಚಿನಲ್ಲಿ ‘ನೈಟ್ರೇಟ್’ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಮುಚ್ಚಳ ಮೆಲ್ಲಗೆ ಇಟ್ಟು ಹೊರಬನ್ನಿ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ಆ ಫಿಲ್ಮು ಕೊಳೆತಾಗ ಬೇಸಿಗೆಯ ಸೆಕೆಗೂ ಹೊತ್ತಿಕೊಳ್ಳಬಲ್ಲದು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರು, ಮರಳು ಯಾವುದಕ್ಕೂ ಆರದು. ಅಗ್ನಿಶಾಮಕ ದಳಕ್ಕೆ ತಿಳಿಸಿ. ಉಳಿದ ಫಿಲ್ಮುಗಳ ವಿಷಯಕ್ಕೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಡಬ್ಬಿಯ ಮೇಲಿನ ಬರಹದ ಫೋಟೊ ಸಮೇತ ಬರೆಯಿರಿ.

ಪ್ರಶ್ನೆ: ಒಳಗೆ ಕತ್ತಲೆ. ಫೋಟೊ ಎಲ್ಲ ಚುಕ್ಕೆ ಚುಕ್ಕೆಯಾಗಿ ಬರುತ್ತಿವೆ.
— ಹಿರಿಯೂರು

ಅದು ಫ್ಲ್ಯಾಶ್ ಬೆಳಕಿಗೆ ಹೊಳೆಯುವ ಧೂಳಿನ ಕಣ. ಫ್ಲ್ಯಾಶ್ ಆರಿಸಿ, ಟ್ರೈಪಾಡ್ ಮೇಲೆ ಐಎಸ್ಒ 100, ಅಪರ್ಚರ್ ಎಫ್ 8 ಇಟ್ಟು, ಎಷ್ಟು ಸೆಕೆಂಡು ಬೇಕೋ ಅಷ್ಟು ತೆರೆದಿಡಿ. ಪ್ರತಿ ಕೋಣೆಯನ್ನೂ ನಾಲ್ಕು ಮೂಲೆಯಿಂದ ತೆಗೆದ ಮೇಲೆ ಸೂಕ್ಷ್ಮ ಕೆಲಸಕ್ಕೆ ಹೋಗಿ. ಅಂಥ ಚಿತ್ರದಲ್ಲಿ ಒಂದು ಅಳತೆಪಟ್ಟಿ ಇರಲಿ. ನಕ್ಷೆ ಬರೆಯುವಾಗ ನಾಲ್ಕು ಬದಿಯ ಜೊತೆಗೆ ಎರಡು ಕರ್ಣದ ಅಳತೆಯೂ ಬೇಕು. ಕರ್ಣ ಬಿಟ್ಟರೆ ಮನೆಗೆ ಹೋಗಿ ಬರೆಯುವಾಗ ಹಾಲು ಸೊಟ್ಟವೋ ನೆಟ್ಟಗೋ ಎಂದೇ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ತಾತ ಕಟ್ಟಿಸಿದ ಥಿಯೇಟರು. ಮನೆಯವರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬರುವವರೆಗೆ ಬೀಳದಂತೆ ಕಾಪಾಡಬೇಕು. ಗೋಡೆಯಲ್ಲಿ ಓರೆ ಬಿರುಕುಗಳಿವೆ. ಹೆಚ್ಚು ಖರ್ಚು ಮಾಡುವ ಶಕ್ತಿ ಇಲ್ಲ.
— ದಾವಣಗೆರೆ

ಇರುವ ಹಣವನ್ನು ನೀರು ತಡೆಯುವುದಕ್ಕೆ ಮೊದಲು ಹಾಕಿ. ಕಿತ್ತ ಶೀಟಿನ ಜಾಗಕ್ಕೆ ತಗಡು, ಕಟ್ಟಿಕೊಂಡಿರುವ ಮಳೆನೀರಿನ ದೋಣಿ ಮತ್ತು ಕೊಳವೆಯ ಕಸ ತೆಗೆಸುವುದು, ಗೋಡೆ ಬುಡದಿಂದ ನೀರು ಆಚೆ ಹರಿಯುವಂತೆ ಮಣ್ಣಿನ ಇಳಿಜಾರು. ಗೋಡೆಯಲ್ಲಿ ಬೆಳೆದ ಅರಳಿ ಸಸಿಯನ್ನು ಎಳೆಯಬೇಡಿ, ಬೇರಿನೊಂದಿಗೆ ಇಟ್ಟಿಗೆಯೂ ಬರುತ್ತದೆ. ಬುಡಕ್ಕೆ ಕೊಯ್ದು ಹಸಿ ಕೊಯ್ತಕ್ಕೆ ಕೂಡಲೇ ಕಳೆನಾಶಕ ಹಚ್ಚಿಸಿ, ಬೇರು ಸತ್ತ ಮೇಲೆ ಸಂದು ತುಂಬಿಸಿ. ಕಿಟಕಿ ಪೂರ್ತಿ ಮುಚ್ಚಬೇಡಿ, ಜಾಲರಿ ಹೊಡೆಸಿ ಗಾಳಿ ಬಿಡಿ.

ಗಾರೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸುವುದು ದೊಡ್ಡ ತಪ್ಪು. ಸಿಮೆಂಟು ತೇವವನ್ನು ಒಳಗೇ ಕೂಡಿಹಾಕುತ್ತದೆ, ಹಿಂದಿನ ಗಾರೆ ಪುಡಿಯಾಗಿ ಒಂದು ದಿನ ಪ್ಲಾಸ್ಟರು ಹಾಳೆಯಂತೆ ಕಳಚಿ ಬೀಳುತ್ತದೆ. ಕನಿಷ್ಠ ಎರಡು ವಾರ ನೀರಿನಲ್ಲಿ ಅರಳಿಸಿದ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 3 ಪಾಲು ಸೇರಿಸಿ, ಗೋಡೆ ನೆನೆಸಿ ಹಚ್ಚಿಸಿ, ವಾರವಾದರೂ ಒದ್ದೆ ಗೋಣಿ ಹೊದಿಸಿಡಿ.

ಬಿರುಕನ್ನು ಮಾತ್ರ ಈಗಲೇ ಮುಚ್ಚಬೇಡಿ. ಎರೆಮಣ್ಣಿನ ಮೇಲಿನ ಪಾಯವಾದರೆ ಮಳೆಗಾಲದಲ್ಲಿ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಬಿರುಕು ಅದಕ್ಕೆ ತಕ್ಕಂತೆ ಬಿಡುತ್ತಾ ಕೂಡುತ್ತಾ ಇರುತ್ತದೆ. ಅದು ಉಸಿರಾಡುತ್ತಿದೆಯೋ, ಒಂದೇ ಸಮ ಅಗಲವಾಗುತ್ತಿದೆಯೋ ತಿಳಿಯಬೇಕು. ಬಿರುಕಿನ ಎರಡೂ ಬದಿಗೆ ಒಂದೊಂದು ಚಿಕ್ಕ ಸ್ಕ್ರೂ ಕೂರಿಸಿ, ಮಧ್ಯದ ಅಂತರವನ್ನು ವರ್ನಿಯರ್ ಕ್ಯಾಲಿಪರ್ಸ್‌ನಿಂದ ಮಿಲಿಮೀಟರಿನ ಹತ್ತನೇ ಭಾಗದವರೆಗೆ ಅಳೆದು ಪಕ್ಕದಲ್ಲೇ ದಿನಾಂಕ ಬರೆಯಿರಿ. ಪ್ರತಿ ತಿಂಗಳ ಒಂದನೇ ತಾರೀಕು, ಅದೇ ಬೆಳಗಿನ ಹೊತ್ತು, ಪೂರ್ತಿ ಒಂದು ವರ್ಷ. ಅದರ ನಡುವೆ ಯಾವುದೇ ತಿಂಗಳು 2 ಮಿಲಿಮೀಟರಿಗಿಂತ ಹೆಚ್ಚು ಬಿಟ್ಟಿದ್ದರೆ ಕಾಯಬೇಡಿ: ಆ ಗೋಡೆಗೆ ಆನಿಸಿ ಮರದ ಊರೆ ಕೊಡಿಸಿ, ರಸ್ತೆ ಬದಿಗೆ ಬೇಲಿ ಹಾಕಿಸಿ, ರಚನಾ ಎಂಜಿನಿಯರ್ ಒಬ್ಬರನ್ನು ಅದೇ ವಾರ ಕರೆಸಿ, ಅಷ್ಟು ತಿಂಗಳ ಅಳತೆಯ ಪಟ್ಟಿಯನ್ನು ಅವರ ಕೈಗೆ ಕೊಡಿ.